ನಕ್ಷೆಯಲ್ಲಿ ಎತ್ತುಗಳಿರಲಿಲ್ಲ

ಅವರ ಛತ್ರಿ ಕಪ್ಪು ಅಂತ ನನ್ನ ನೆನಪು. ಗೆಳೆಯ ಪುಟ್ಟಸ್ವಾಮಿ ಅದು ಹಸಿರು ಅನ್ನುತ್ತಾನೆ. ಸೀರೆಯ ಕೆಳಗೆ ಅವರು ಬಿಳಿ ಕ್ಯಾನ್ವಾಸ್ ಶೂ ಹಾಕುತ್ತಿದ್ದರು ಅನ್ನುವುದರಲ್ಲಿ ಮಾತ್ರ ನಮಗೆ ತಕರಾರಿಲ್ಲ. ಗುಂಡ್ಲುಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಅವರು ಮೊದಲ ಸಲ ಇಳಿದಾಗ ಜನ ಮುಖ ನೋಡಲಿಲ್ಲ, ಶೂ ನೋಡಿದರು. ಐವತ್ತು ದಾಟಿದ ಹೆಂಗಸು, ತುರುಬಿಗೆ ಸಿಕ್ಕಿಸಿದ ಬಾಲ್‌ಪೆನ್ನು, ಸೊಂಟದಲ್ಲಿ ನಶ್ಯದ ಡಬ್ಬಿ. ಪುರಸಭೆಗೆ ಕಂಪ್ಯೂಟರ್ ಕೊಡಿಸಲು ಬಂದವರು ಇವರೇ ಎಂದರೆ ಯಾರೂ ನಂಬುವ ಹಾಗಿರಲಿಲ್ಲ. ನಾನಂತೂ ನಂಬಲಿಲ್ಲ.

ಹೋದ ತಿಂಗಳು ಮೈಸೂರಿನಿಂದ ಯಾರೋ ಫೋನ್ ಮಾಡಿ ಅವರು ತೀರಿಕೊಂಡರು ಎಂದರು. ಬರೆಯೋಣ ಎಂದು ಕೂತರೆ, ಖಚಿತವಾಗಿ ಗೊತ್ತಿರುವುದು ಎಷ್ಟು ಕಡಿಮೆ ಎಂದು ಗಾಬರಿಯಾಯಿತು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಒಬ್ಬನೇ ಸಾಕ್ಷಿ ಹೇಳಿದ್ದನ್ನು, ಆ ಸಾಕ್ಷಿ ನಾನೇ ಆಗಿದ್ದರೂ, ಪೂರ್ತಿ ಒಪ್ಪುವ ಅಭ್ಯಾಸ ನನಗಿಲ್ಲ. ಆದ್ದರಿಂದ ಇಲ್ಲಿ ಬರುವ ಮಾತುಗಳು ಅವರು ಆಡಿದ ಮಾತುಗಳೇ ಎಂದು ಆಣೆ ಮಾಡಲಾರೆ. ಅವರ ಹೆಸರನ್ನೂ ಬರೆಯುವುದಿಲ್ಲ. ನಕ್ಷೆಯ ಮೂಲೆಯಲ್ಲಿ ಹೆಸರು ಹಾಕಿ ಎಂದು ನಾನು ಕೇಳಿದಾಗ ಅವರೇ ಹೇಳಿದ್ದರು: "ಹೆಸರು ಹಾಕಿದರೆ ಅದು ನನ್ನದಾಗಿಬಿಡುತ್ತೆ ಕಣಯ್ಯ. ಆಮೇಲೆ ಮುಲಾಜಿಗೆ ಯಾರೂ ಬೈಯಲ್ಲ."

ತೊಂಬತ್ತರ ದಶಕದ ಕೊನೆ. ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಕಚೇರಿಗಳ ಗೋಡೆಯಲ್ಲಿ ಇನ್ನೂ ಸುಣ್ಣದ ವಾಸನೆ. ಸಣ್ಣ ಊರುಗಳ ಆಡಳಿತಕ್ಕೆ ಕಂಪ್ಯೂಟರ್ ಒದಗಿಸಿ, ಲಾರಿ ಬಸ್ಸುಗಳ ಓಡಾಟ, ಹೊಗೆ, ಕಸ ಇವನ್ನೆಲ್ಲ ನಕ್ಷೆಯಲ್ಲಿ ಕೂರಿಸುವ ಯೋಜನೆಯೊಂದು ಬಂತು. ಜಿಲ್ಲಾಕೇಂದ್ರಕ್ಕೊಂದು, ಗುಂಡ್ಲುಪೇಟೆಗೊಂದು ಯಂತ್ರ. ಅವರು ಮುಖ್ಯಸ್ಥೆ, ನಾನು ಸಹಾಯಕ. ಎಂ.ಎಸ್ಸಿ. ಮುಗಿಸಿ ಎಲ್ಲೂ ಒಂದು ಕಡೆ ನಿಲ್ಲಲಾಗದೆ ಅಲೆಯುತ್ತಿದ್ದವನು ಈ ಕೆಲಸಕ್ಕೂ ಅರ್ಧ ಮನಸ್ಸಿನಿಂದಲೇ ಬಂದಿದ್ದೆ.

ಮೊದಲ ವಾರವೇ ಕೇಳಿದೆ: "ಬೀದಿದೀಪದ ಬಲ್ಬ್ ಬದಲಾಯಿಸೋಕೆ ಆಗದ ಪುರಸಭೆಗೆ ಕಂಪ್ಯೂಟರ್ ಯಾಕೆ ಮೇಡಂ?"

"ಯಾವ ಬಲ್ಬ್ ಹೋಗಿದೆ ಅಂತ ಗೊತ್ತಾಗೋಕೆ," ಎಂದು ನಶ್ಯ ಏರಿಸಿದರು.

ಆಗೆಲ್ಲ ಕಂಪ್ಯೂಟರ್ ಇಟ್ಟ ಕೋಣೆ ಎಂದರೆ ಗರ್ಭಗುಡಿ. ಗುಂಡ್ಲುಪೇಟೆಯಲ್ಲೂ ಹಾಗೇ ಆಯಿತು. ಪರದೆ, ಜಮಖಾನ, ಬಾಗಿಲಾಚೆ ಸಾಲಾಗಿ ಬಿಟ್ಟ ಚಪ್ಪಲಿ, ಮಾನಿಟರಿನ ಹಣೆಗೆ ವಿಭೂತಿ ಕುಂಕುಮ. ಅವರು ಶೂ ಬಿಚ್ಚದೆ ಸೀದಾ ಒಳಗೆ ಹೋದರು. ಮೇಸ್ತ್ರಿ ಪುಟ್ಟಸ್ವಾಮಿ ನಾಲಗೆ ಕಚ್ಚಿಕೊಂಡ. ಕಸ ಗುಡಿಸುವವರ, ಟ್ರಾಕ್ಟರಿನವರ ಮೇಲ್ವಿಚಾರಣೆ ಅವನದು. ನನಗಿಂತ ಏಳೆಂಟು ವರ್ಷ ದೊಡ್ಡವನು, ಇವತ್ತಿಗೂ ಗೆಳೆಯ. ಮಾರನೆಯ ದಿನ ಅವನನ್ನೇ ಕರೆದು, ಮೇಜಿನ ಸಮೇತ ಯಂತ್ರವನ್ನು ಬೀದಿಯ ಕಡೆಯ ಕಿಟಕಿಗೆ ಎಳೆಸಿದರು. ಜಗಲಿಯ ಮೇಲೆ ನಿಂತವರಿಗೆಲ್ಲ ನಕ್ಷೆ ಕಾಣಬೇಕು.

"ಒಳಗೆ ಧೂಳು ಹೋಗುತ್ತೆ ಮೇಡಂ," ಎಂದು ಮೈಸೂರಿನಿಂದ ಬಂದಿದ್ದ ರಿಪೇರಿಯವನು ಅಂಗಲಾಚಿದ.

"ಊರಿನ ಧೂಳು ಅಳೆಯೋಕೆ ತಂದ ಮಿಷನ್ನು ಧೂಳಿಗೆ ಹೆದರಿದರೆ ಹೇಗಪ್ಪ?"

ಅವನು ಕೀಬೋರ್ಡ್ ಕವುಚಿ ತಟ್ಟಿದಾಗ ಉದುರಿದ್ದರಲ್ಲಿ ಊರಿನ ಧೂಳಿಗಿಂತ ಅವರ ನಶ್ಯವೇ ಹೆಚ್ಚಿತ್ತು.

ಕಿಟಕಿಯ ಮುಂದೆ ಜನ ಸೇರತೊಡಗಿದರು. ಸಂತೆಗೆ ಬಂದವರು, ಕಂದಾಯ ಕಟ್ಟಲು ಬಂದವರು, ಸುಮ್ಮನೆ ನೆರಳಿಗೆ ಬಂದವರು. ಒಂದು ದಿನ ಸೊಪ್ಪು ಮಾರುವ ಮುದುಕಿ ಕಂಬಿಗೆ ಮೂಗು ತಾಗಿಸಿ ನೋಡಿ, ಅದು ಏನೆಂದು ಪಕ್ಕದವನಿಂದ ತಿಳಿದುಕೊಂಡು, ಕೂಗಾಡಲು ಶುರುಮಾಡಿತು. "ಯಾವನ್ಲಾ ಇದ ಬರ್ದೋನು? ಮಾರವ್ವನ ಗುಡಿ ಮುಂದ್ಕೇ ಕಸದ ತೊಟ್ಟಿ ಮಡಗವ್ನಲ್ಲ, ಅವ್ನ ಕೈ ಸೇದೋಗ!"

ನಾನು ಕಿಟಕಿ ಮುಚ್ಚಲು ಎದ್ದೆ. ಅವರು ನನ್ನ ತೋಳು ಹಿಡಿದು ಕೂರಿಸಿ, ತುರುಬಿನ ಪೆನ್ನು ಕಿತ್ತು, "ಎಲ್ಲಿ ಮಡಗ್ಬೇಕು ಹೇಳವ್ವ," ಎಂದರು. ಮುದುಕಿ ಹೇಳಿದ ಜಾಗಕ್ಕೇ ತೊಟ್ಟಿ ಹೋಯಿತು. ಅವರ ಪ್ರಕಾರ ಆ ದಿನವೇ ಯೋಜನೆಯ ಉದ್ಘಾಟನೆ. "ಬೈಸಿಕೊಳ್ಳದ ನಕ್ಷೇನ ಯಾವತ್ತೂ ನಂಬಬೇಡ," ಎಂದು ನನಗೆ ಹೇಳಿದರು. ಇದನ್ನು ಹಲವು ಸಲ ಹೇಳಿದ್ದಾರೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಚಾಮರಾಜನಗರದಲ್ಲಿ ಕಸದ ಟ್ರಾಕ್ಟರಿನ ದಾರಿ ಗುರುತು ಮಾಡಲು, ಚಾಲಕನ ಪಕ್ಕದ ಮಡ್‌ಗಾರ್ಡಿನ ಮೇಲೆ ಛತ್ರಿ ಬಿಚ್ಚಿ ಕೂತು ಊರು ಸುತ್ತಿದರು. ರೇಷ್ಮೆ ನೂಲು ತೆಗೆಯುವ ಕೇರಿಯಲ್ಲಿ ಬೆಂದ ಹುಳುವಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡರೆ, ಅವರು ಟ್ರಾಕ್ಟರ್ ನಿಲ್ಲಿಸಿ, ನೀರು ಎತ್ತ ಹರಿದು ಹೋಗುತ್ತದೆ ಎಂದು ಮೋರಿಯ ಪಕ್ಕ ನಡೆದುಕೊಂಡೇ ಹೋದರು. ಉಡಿಗಾಲದ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಕಂಡಕ್ಟರನ್ನು ಕೇಳುತ್ತಿರಲಿಲ್ಲ. "ನಿಲ್ಲಿಸಿ ಅಂದರೂ ಎಲ್ಲಿ ನಿಲ್ಲಿಸಲ್ಲ ನೀನು?" ಎಂದು ಕೇಳುತ್ತಿದ್ದರು. ಆತ ನಾಚಿಕೊಂಡು ಎಲ್ಲ ಹೇಳಿಬಿಡುತ್ತಿದ್ದ.

ಹೊಗೆ ಅಳೆಯುವ ಉಪಕರಣ ಬರುತ್ತದೆ ಎಂದು ಕಾದು ಕಾದು ಸಾಕಾಗಿ ಅವರು ಮಾಡಿದ್ದನ್ನು ನೋಡಿದಾಗಲೇ ನನ್ನ ತಾತ್ಸಾರ ಮೊದಲ ಸಲ ಅಲ್ಲಾಡಿತು. ಗುಂಡ್ಲುಪೇಟೆ ಎಂದರೆ ಕವಲು. ಊಟಿಗೆ ಹೋಗುವ ಲಾರಿ, ಕೇರಳಕ್ಕೆ ತರಕಾರಿ ಒಯ್ಯುವ ಲಾರಿ ಎಲ್ಲವೂ ಊರಿನ ಹೊಟ್ಟೆಯೊಳಗಿಂದಲೇ ಹಾಯಬೇಕು. ಅವರು ಹಳೆಯ ಪಂಚೆಯೊಂದನ್ನು ಹರಿದು, ತುಂಡುಗಳನ್ನು ಒದ್ದೆ ಮಾಡಿ, ಬೆಳಿಗ್ಗೆ ದೊಡ್ಡ ರಸ್ತೆಯ ಅಂಗಡಿ ಮನೆಗಳ ಬಾಗಿಲಿಗೆ ಕಟ್ಟಿಸಿದರು. ಸಂಜೆ ಬಿಚ್ಚಿಸಿ ಪುರಸಭೆಯ ಗೋಡೆಗೆ ಅದೇ ಸಾಲಿನಲ್ಲಿ ಗುಂಡುಸೂಜಿ ಹೊಡೆದರು. ಊರಿನ ಅಂಚಿನದು ಬಿಳಿ, ಬರಬರುತ್ತಾ ಬೂದಿ, ಕವಲಿನ ಹತ್ತಿರದ್ದು ಬಾಣಲೆ ಒರೆಸಿದ ಬಟ್ಟೆ. ಸದಸ್ಯರು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯ ತುಂಡು ಹುಡುಕಿದರು. ಕವಲಿನಲ್ಲಿ ಹೋಟೆಲ್ ಇಟ್ಟಿದ್ದ ಸದಸ್ಯರೊಬ್ಬರು ಮೆಲ್ಲಗೆ ಕೇಳಿದರು, "ಇಡ್ಲಿ ಮೇಲೂ ಇಷ್ಟೇ ಕೂರ್ತದಾ ಮೇಡಂ?"

"ಇಡ್ಲಿ ಬೆಳ್ಳಗಿದೆ, ನೋಡಿ ಎಸೀಬಹುದು. ಉಸಿರು ಕಾಣಲ್ವಲ್ಲ."

ಅವತ್ತೇ ಲಾರಿಗಳಿಗೆ ಬೇರೆ ದಾರಿ ಹುಡುಕಿ ಎಂದು ಪುರಸಭೆಯೇ ನಮ್ಮನ್ನು ಕೇಳಿತು. ಅವರು ಕೇಳಿಸಿಕೊಳ್ಳಲು ಕಾದಿದ್ದದ್ದೂ ಅದನ್ನೇ.

ಊರಿನ ದಾರಿಗಳಲ್ಲೆಲ್ಲ ವಾಹನ ಎಣಿಸುವ ಕೆಲಸ ಪುಟ್ಟಸ್ವಾಮಿಯ ಜನಕ್ಕೆ ಬಿತ್ತು. ಆ ಜನ ಎಣಿಸಿ ತಂದಿದ್ದನ್ನು ನಾನು ಯಂತ್ರಕ್ಕೆ ತುಂಬಿದೆ. ಊರ ಹಿಂಬದಿಯಲ್ಲಿ ಹಂಗಳದ ಕಡೆಯ ಹೊಲಗಳಿಂದ ಬಂದು ಸೇರುವ ರಸ್ತೆಯೊಂದಿತ್ತು. ಪರದೆಯ ಮೇಲೆ ಅದು ಬಿಕೋ ಎನ್ನುತ್ತಿತ್ತು: ಒಂದಷ್ಟು ಸೈಕಲ್ಲು, ಅಪರೂಪಕ್ಕೊಂದು ಟೆಂಪೊ. ಲಾರಿಗಳನ್ನು ಹಗಲೆಲ್ಲ ಈ ಕಡೆಗೆ ತಿರುಗಿಸಿ ಎಂದು ಲೆಕ್ಕ ತಾನೇ ಹೇಳಿತು. ದೊಡ್ಡ ರಸ್ತೆ ಕೆಂಪಿನಿಂದ ಹಸಿರಾಯಿತು. ಅದನ್ನು ನೋಡಿದವರೆಲ್ಲ ಚಪ್ಪಾಳೆ ತಟ್ಟಿದರು.

ಚಾಮರಾಜನಗರದಲ್ಲಿ ದೊಡ್ಡ ಸಭೆ ಗೊತ್ತಾಯಿತು. ಬೆಂಗಳೂರಿನಿಂದ ಅಧಿಕಾರಿಗಳು, ಹಣ ಕೊಡುವ ಸಂಸ್ಥೆಯವರು ಬರುವವರಿದ್ದರು. ಅವತ್ತು ಗುಂಡ್ಲುಪೇಟೆಯ ನಕ್ಷೆಗೆ ಒಪ್ಪಿಗೆ ಬಿದ್ದರೆ ಎರಡೂ ಊರಿನ ಯಂತ್ರಗಳು ಶಾಶ್ವತವಾಗಿ ಉಳಿಯುತ್ತವೆ, ಇಲ್ಲವಾದರೆ ಗಂಟುಕಟ್ಟಿ ಬೇರೆ ಜಿಲ್ಲೆಗೆ ಹೋಗುತ್ತವೆ. ಈ ದಿನಕ್ಕಾಗಿ ಅವರು ಎಷ್ಟು ಕಚೇರಿಗಳ ಬೆಂಚಿನ ಮೇಲೆ ಕೂತಿದ್ದರು ಎಂಬುದು ಜೊತೆಗೆ ಕೂತ ನನಗೆ ಗೊತ್ತು.

ಸಭೆಯ ಹಿಂದಿನ ಸಂಜೆ ನನ್ನ ಜೊತೆ ಹಂಗಳದಿಂದ ಬಸ್ಸಿನಲ್ಲಿ ವಾಪಸು ಬರುತ್ತಿದ್ದವರು ಊರ ಅಂಚಿನಲ್ಲೇ ಇಳಿದು, ನಾಳೆ ತೋರಿಸುವ ರಸ್ತೆಯನ್ನು ಒಮ್ಮೆ ನಡೆದೇಬಿಡೋಣ ಎಂದರು. ಬಿಳಿ ಶೂ ಸ್ವಲ್ಪ ದೂರ ಹೋಗಿ ನಿಂತಿತು. ಛತ್ರಿಯ ತುದಿಯಿಂದ ನೆಲ ತೋರಿಸಿದರು.

"ಇದೇನು?"

"ಸಗಣಿ ಮೇಡಂ."

"ಅದೋ ಅಲ್ಲಿ?"

"ಅದೂ ಸಗಣಿ."

"ನಮ್ಮ ನಕ್ಷೇಲಿ ಈ ರಸ್ತೆಗೆ ಎಷ್ಟು ಎತ್ತಿನಗಾಡಿ ಇದೆ?"

"ಒಂದೂ ಇಲ್ಲ."

"ಮತ್ತೆ ಇದನ್ನ ಹಾಕಿದ್ದು ಯಾರಯ್ಯ, ನೀನಾ?"

ನಗು ಬಂತು. ಅವರು ನಗಲಿಲ್ಲ. ಅಷ್ಟರಲ್ಲಿ ಹೊಲದ ಕಡೆಯಿಂದ ಗೆಜ್ಜೆ ಸದ್ದು. ಒಂದರ ಹಿಂದೊಂದು ಗಾಡಿಗಳು ಬರತೊಡಗಿದವು. ಮೇವಿನ ಗಾಡಿ, ಅರಿಶಿನದ ಗಾಡಿ, ಹೆಂಗಸರು ಮಕ್ಕಳು ಕಾಲು ಇಳಿಬಿಟ್ಟು ಕೂತ ಖಾಲಿ ಗಾಡಿ. ಇಕ್ಕೆಲದ ಮನೆಗಳವರು ಕರುಗಳನ್ನು ರಸ್ತೆಯಂಚಿನ ಗೂಟಕ್ಕೆ ಕಟ್ಟುತ್ತಿದ್ದರು. ಮಾರನೆಯ ದಿನ ಈ ಬೀದಿಗೇ ನಾವು ಕೇರಳದ ಲಾರಿಗಳನ್ನು ಬಿಡುವುದಕ್ಕೆ ಒಪ್ಪಿಗೆ ಪಡೆಯಲು ಹೊರಟಿದ್ದೆವು.

ಪುಟ್ಟಸ್ವಾಮಿಯ ಮನೆಯೂ ಅದೇ ಬೀದಿಯಲ್ಲಿ. ಟವೆಲ್ ಹೊದ್ದು ಓಡಿ ಬಂದ.

"ಪುಟ್ಟಸ್ವಾಮಿ, ಇಷ್ಟೊಂದು ಗಾಡಿ ಬರುತ್ತಲ್ಲ ಇಲ್ಲಿ?"

"ಬತ್ತವ ಕಣವ್ವ. ಬೆಳಗ್ಗೆ ಓಯ್ತವ, ಬೈಗ್ನಾಗ ಬತ್ತವ."

"ಯಾಕೆ ಎಣಿಸಲಿಲ್ಲ?"

ಅವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಇಷ್ಟು ತಿಳಿದವರು ಇದನ್ನೂ ಕೇಳುತ್ತಾರಲ್ಲ ಎಂಬಂತಿತ್ತು. "ಅವು ನಮ್ಮವು ಕಣವ್ವ! ಲಾರಿ ಬಸ್ಸಾದ್ರ ಕಂಡೋರವು, ಎಣ್ಸುದೊ. ನಮ್ ಎತ್ಗಳ ನಾವೇ ಬೀದೀಲಿ ಕೂತ್ಕಂಡು ಒಂದು ಎಲ್ಡು ಅಂತ ಎಣ್ಸಕಾದದಾ? ಕಣ್ಣಾಗಕಿಲ್ವಾ?"

ನನಗೆ ರೇಗಿತು. ಮೂಢನಂಬಿಕೆ, ಇದರಿಂದ ಇಡೀ ಲೆಕ್ಕ ಹಾಳಾಯಿತು ಎಂದು ಏನೇನೋ ಕೂಗಾಡಿದೆ. ಅವರು ಛತ್ರಿ ಊರಿ ಗಾಡಿಗಳನ್ನೇ ನೋಡುತ್ತ ಹೇಳಿದರು: "ದೃಷ್ಟಿ ತಾಗುತ್ತೆ ಅನ್ನೋದು ನಂಬಿಕೆ ಅನ್ನು, ಬೇಡ ಅನ್ನಲ್ಲ. ಎತ್ತು ಇರೋದು ನಂಬಿಕೆ ಅಲ್ಲವಲ್ಲಯ್ಯ."

ಮಾರನೆಯ ದಿನ ಸಭೆ ಶುರುವಾಗುವ ಮುಂಚೆ, ಜಗಲಿಯಲ್ಲಿ ನಮ್ಮ ಮೇಲಿನ ಸಾಹೇಬರಿಗೆ ಅವರು ವಿಷಯ ತಿಳಿಸಿದರು. ಒಳ್ಳೆಯ ಮನುಷ್ಯ. ಕೈಮುಗಿದೇ ಹೇಳಿದರು: "ಇವತ್ತು ಒಂದು ದಿನ ಸುಮ್ಮನಿದ್ದುಬಿಡಿ ಮೇಡಂ. ಒಪ್ಪಿಗೆ ಆಗಲಿ. ಆಮೇಲೆ ನಿಧಾನಕ್ಕೆ ತಿದ್ದಿಕೊಳ್ಳೋಣ."

"ಸಹಿ ಬೀಳೋ ತನಕ ಅದು ತಪ್ಪು, ಸಾರ್. ಬಿದ್ದಮೇಲೆ ಅದು ಆದೇಶ."

ಸಭೆಯಲ್ಲಿ ನಾನು ಪರದೆಯ ಮೇಲೆ ನಕ್ಷೆ ತೋರಿಸಿದೆ. ಕೆಂಪು ಹಸಿರಾಗುವ ಜಾಗಕ್ಕೆ ಬಂದಾಗ ಬಂದವರೆಲ್ಲ ತಲೆದೂಗಿದರು. ಆಗ ಮೇಡಂ ಎದ್ದು ನಿಂತರು. ಇಲ್ಲಿ ನನ್ನ ನೆನಪಿನ ಮೇಲೆ ನನಗೇ ಸಂಶಯ. ಎಷ್ಟು ಸಲ ಈ ಘಳಿಗೆಯನ್ನು ಮನಸ್ಸಿನಲ್ಲಿ ಓಡಿಸಿದ್ದೇನೆಂದರೆ ಅದು ಸವೆದು ನುಣ್ಣಗಾಗಿದೆ. "ಈ ನಕ್ಷೆ ಬಹಳ ಚೆನ್ನಾಗಿದೆ," ಎಂದರು. "ಆದರೆ ತಪ್ಪು." ಬಂದವರಲ್ಲಿ ಒಬ್ಬರು, ಎಷ್ಟು ತಪ್ಪು, ಸ್ವಲ್ಪ ಹೆಚ್ಚುಕಡಿಮೆ ಇರುತ್ತದಲ್ಲವೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವರು ಕನ್ನಡದಲ್ಲೇ ಉತ್ತರ ಕೊಟ್ಟರು: "ಒಂದು ಬೀದಿಯಷ್ಟು. ಅದರಲ್ಲಿ ಜನ ಇದ್ದಾರೆ." ಮತ್ತೆ ಎಣಿಸಲು ಕಾಲಾವಕಾಶ ಬೇಡಿದರು. ಯೋಜನೆಯ ಗಡುವು ಮುಗಿದಿದೆ ಎಂದು ಬಂದವರು ವಿಷಾದದಿಂದ ಹೇಳಿ, ಊಟಕ್ಕೆ ಎದ್ದರು.

ತಿಂಗಳು ಕಳೆಯುವುದರೊಳಗೆ ವ್ಯಾನು ಬಂತು. ಪುಟ್ಟಸ್ವಾಮಿಯ ಜನವೇ ಯಂತ್ರವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಹೊತ್ತರು. ಕಿಟಕಿಯ ಮುಂದೆ ನಿಂತಿದ್ದವರು, ಹೆಣ ಹೊರುವಾಗ ಜನ ದಾರಿ ಬಿಡುವ ಹಾಗೆ, ಸರಿದು ದಾರಿ ಬಿಟ್ಟರು. ಆಗ ಅವರು ನಗುತ್ತ ನಶ್ಯ ಏರಿಸಿ, "ಪೆಟ್ಟಿಗೆ ಹೋಯ್ತು ಕಣಯ್ಯ, ಊರು ಇಲ್ಲೇ ಇದೆಯಲ್ಲ," ಎಂದದ್ದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಕಳೆದುಕೊಂಡದ್ದನ್ನು ಹಾಗೆ ಕೊಡವಿ ನಿಲ್ಲುವ ಮನುಷ್ಯರಿರುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಯಾರನ್ನಾದರೂ ಕಂಡು ಬೆರಗಾಗಿದ್ದರೆ ಆ ನಗುವನ್ನು ಕಂಡು.

ಅವರ ನೌಕರಿಯ ಅವಧಿಯೂ ಅಲ್ಲಿಗೆ ಮುಗಿದಿತ್ತು. ಹೋಗಬಹುದಿತ್ತು. ಹೋಗಲಿಲ್ಲ. ಪುಟ್ಟಸ್ವಾಮಿಯನ್ನು ಕರೆದು ಮಡಕೆ ತರಿಸಿದರು.

ಊರ ಹಿಂಬದಿಯ ಆ ಬೀದಿಯ ಎರಡೂ ತುದಿಯಲ್ಲಿ ಒಂದೊಂದು ಮಡಕೆ, ಪಕ್ಕದಲ್ಲಿ ಕಲ್ಲಿನ ರಾಶಿ. ಬೀದಿಯ ಹಿರಿಯರನ್ನು ಅರಳಿಕಟ್ಟೆಗೆ ಕೂಡಿಸಿ ಹೇಳಿದರು: "ನಿಮ್ಮ ಗಾಡಿ ಯಾರೂ ಎಣಿಸಲ್ಲ. ನಿಮ್ಮ ಎತ್ತಿನ ಕಡೆ ಯಾರೂ ಬೆರಳು ತೋರಿಸಲ್ಲ. ಹೋಗುವಾಗ ಬರುವಾಗ ನೀವೇ ಮಡಕೆಗೆ ಒಂದು ಕಲ್ಲು ಎಸೆದು ಹೋಗಿ. ನಾನು ಕಲ್ಲು ಎಣಿಸ್ಕೋತೀನಿ. ಕಲ್ಲಿಗೆ ದೃಷ್ಟಿ ತಾಗುತ್ತಾ?"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಇದು ಸಾಮಾನ್ಯ ಪ್ರಶ್ನೆಯಲ್ಲ, ಯೋಚಿಸಬೇಕಾದದ್ದು. ಕೊನೆಗೆ ಎಲ್ಲರಿಗಿಂತ ಹಣ್ಣಾದ ಅಜ್ಜ ಎಲೆಯಡಿಕೆ ಉಗಿದು ತೀರ್ಪು ಕೊಟ್ಟಿತು. "ಕಲ್ಗ್ಯಾವ ಕಣ್ಣಾದದು ಬುಡವ್ವ. ಮಡಗ್ಸು ಮಡ್ಕೆಯ."

ತುಂಬಿದ ಗಾಡಿಗೆ ಹೆಂಚಿನ ಚೂರು, ಖಾಲಿ ಗಾಡಿಗೆ ಕಲ್ಲು. ಹೊತ್ತಿಗೊಂದು ಮಡಕೆ ಬದಲು. ನಾನು ವಿಶ್ವವಿದ್ಯಾಲಯದಲ್ಲಿ ಓದಿದ ಸಮೀಕ್ಷೆಯ ಪಾಠಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಎಣಿಸುವವನಿಗೂ ಎಣಿಸಿಕೊಳ್ಳುವವನಿಗೂ ನಡುವೆ ಒಂದು ಕಲ್ಲು ಇಟ್ಟರು, ಅಷ್ಟೇ. ಇಬ್ಬರ ಮರ್ಯಾದೆಯೂ ಉಳಿಯಿತು. ಗಾಡಿಯವರಿಗೆ ಅದು ಆಟವೂ ಆಯಿತು. "ಎಸಿಲಾ, ಮಡ್ಕೆ ಒಡ್ದೀಯ!" "ನಂದು ಎಂಚು ಕಣ್ಲಾ, ನಿಂದು ಬರೀ ಕಲ್ಲು!" ಎಂಬ ಕೂಗು ಬೀದಿಯುದ್ದಕ್ಕೂ ಕೇಳುತ್ತಿತ್ತು.

ಕಂಪ್ಯೂಟರ್ ಇದ್ದ ಕಿಟಕಿಯ ಪಕ್ಕದ ಗೋಡೆಗೆ ಸುಣ್ಣ ಬಳಿಸಿ, ಇದ್ದಿಲು ಕೆಮ್ಮಣ್ಣಿನಲ್ಲಿ ಊರಿನ ನಕ್ಷೆ ಬರೆದರು. ಯಂತ್ರ ಕಲಿಸಿದ್ದೆಲ್ಲ ಅದರಲ್ಲಿತ್ತು; ದಪ್ಪ ಗೆರೆ, ಸಣ್ಣ ಗೆರೆ, ಹೊತ್ತಿಗೆ ತಕ್ಕ ಬಣ್ಣ. ಈ ಸಲ ಹಿಂದಿನ ಬೀದಿಯ ಗೆರೆ ಬೆಳಿಗ್ಗೆ ಸಂಜೆಗಳಲ್ಲಿ ಕೈಯಗಲ ಕೆಂಪಾಗಿತ್ತು. ಜನ ಬಂದು ಬೈದರು, ಅವರು ಒದ್ದೆ ಬಟ್ಟೆಯಿಂದ ಒರೆಸಿ ತಿದ್ದಿದರು. ಕೊನೆಗೆ ಪುರಸಭೆ ಆ ಗೋಡೆಯ ಮುಂದೆಯೇ ನಿಂತು ತೀರ್ಮಾನ ಮಾಡಿತು. ಲಾರಿಗಳು ಊರ ಹಿಂಬದಿಯ ದಾರಿಯಲ್ಲೇ ಹೋಗಲಿ; ಆದರೆ ಗಾಡಿ ಹೊಲಕ್ಕೆ ಹೋಗುವ ಹೊತ್ತು, ವಾಪಸು ಬರುವ ಹೊತ್ತು ಊರಾಚೆ ನಿಂತು ಕಾಯಬೇಕು. ಹೊಗೆ ಕಡಿಮೆಯಾಯಿತೇ? ಮತ್ತೆ ಪಂಚೆಯ ತುಂಡು ಕಟ್ಟಿ ನೋಡಿದೆವು. ಕವಲಿನ ತುಂಡು ಸ್ವಲ್ಪ ತಿಳಿಯಾಗಿತ್ತು ಎಂದು ನನಗೆ ಅನಿಸಿತು. ನನಗೆ ಹಾಗೆ ಅನಿಸಬೇಕೆಂಬ ಆಸೆಯೂ ಇತ್ತು, ಅದನ್ನು ಕಳೆದು ಓದಿಕೊಳ್ಳಿ.

ಅವರ ಸುದ್ದಿ ಬಂದ ಮೇಲೆ, ನೆನಪನ್ನು ತಾಳೆ ನೋಡೋಣ ಎಂದು ಗುಂಡ್ಲುಪೇಟೆಗೆ ಹೋದೆ. ಪುಟ್ಟಸ್ವಾಮಿ ನಿವೃತ್ತನಾಗಿದ್ದಾನೆ. ಸುದ್ದಿ ಹೇಳಿದೆ. "ಹಸ್ರು ಛತ್ರಿ ಇಟ್ಕಂಡು ಬತ್ತಿದ್ರು," ಎಂದ. ಕಪ್ಪು ಎಂದೆ. ಜಗಳವಾಯಿತು. ಸರಿ, ವ್ಯಾನು ಹೋದಾಗ ಅವರು ನಕ್ಕಿದ್ದಾದರೂ ನಿಜವೋ ಎಂದು ಕೇಳಿದೆ.

"ನಿಮ್ ಮುಂದ ನಕ್ರು ಸಾ," ಎಂದ. "ವ್ಯಾನ್ ಓದ್ ಮ್ಯಾಕೆ ಇತ್ಲಾಗ ಬಂದು, ಪರಕೆ ಪಿನಾಯಿಲ್ ಮಡಗ ರೂಮ್ನಾಗ ಕೂತ್ಕಂಡು ಅತ್ಬುಟ್ರು. ಮಗ ಸತ್ತಂಗೆ ಅತ್ರು. ನಾನೇ ನೀರು ತಂದ್ಕೊಟ್ಟಿ. ಮುಖ ತೊಳ್ಕಂಡು, ಮಡ್ಕೆ ಎಲ್ಲಿ ಸಿಕ್ಕವು ಪುಟ್ಟಸ್ವಾಮಿ ಅಂದ್ರು."

ಇಷ್ಟು ವರ್ಷ ನಾನು ಬೆರಗಾಗಿದ್ದು ಯಾವುದನ್ನು ಕಂಡು? ಕೊಡವಿಕೊಂಡು ನಿಲ್ಲುವವರು ಇರಬಹುದು. ಇವರು ಕೊಡವಿಕೊಂಡಿರಲಿಲ್ಲ. ಏನು ಹೋಗುತ್ತದೆಂದು ಪೂರ್ತಿ ಗೊತ್ತಿದ್ದೇ ಆ ಸಭೆಯಲ್ಲಿ ಎದ್ದು ನಿಂತಿದ್ದರು.

"ನನ್ನ ಹತ್ತಿರ ಯಾಕೆ ಹೇಳಲಿಲ್ಲ ಅವರು?"

"ನಿಮ್ಗ ಯೋಳ್ಬ್ಯಾಡ ಅಂದಿದ್ರು. ಅವ್ನು ಓದ್ದೋನು, ಬರ್ಕಂಬುಡ್ತಾನ ಅಂತ."

ಸಂಜೆ ಅವನೊಂದಿಗೆ ಊರ ಅಂಚಿಗೆ ನಡೆದೆ. ಗಾಡಿಗಳು ಈಗ ಕಮ್ಮಿ, ಟ್ರಾಕ್ಟರುಗಳೇ ಜಾಸ್ತಿ. ಆದರೂ ಗೆಜ್ಜೆ ಸದ್ದು ಬರುತ್ತಿತ್ತು. ಕೇರಳದ ಲಾರಿಯೊಂದು ರಸ್ತೆ ಬದಿ ನಿಂತು ಕಾಯುತ್ತಿತ್ತು. ಚಾಲಕ ಬಾಗಿಲಿನಿಂದ ಬಗ್ಗಿ, "ಚೇಟ್ಟಾ, ಇನ್ನೂ ಎಷ್ಟು ಗಾಡಿ ಉಂಟು?" ಎಂದು ಕೂಗಿದ.

ಪುಟ್ಟಸ್ವಾಮಿ ಗಾಡಿಗಳ ಕಡೆ ನೋಡಿದ, ಥಟ್ಟನೆ ಕಣ್ಣು ಹೊರಳಿಸಿಕೊಂಡ.

"ಅದೊಂದ ಮಾತ್ರ ಕೇಳ್ಬ್ಯಾಡ ಕಣಪ್ಪ," ಎಂದ. "ನಿಂತ್ಕೊ. ಬತ್ತಾವ."